ಗೊರಕೆಯ ಪ್ರಶ್ನೆಯನ್ನು ಸಾವಿಗೆ ಮೊದಲೇ ಕೇಳಿ

ಮಾನ್ಯ ನಿರ್ದೇಶಕರೇ,

ನಿಮ್ಮ ಮಾದಕ ವ್ಯಸನ ಸಂಶೋಧನಾ ಕೇಂದ್ರದಿಂದ ನನಗೊಂದು ನೋಟಿಸು ಬಂದಿದೆ. ಕೇಂದ್ರದ ಚಿಕಿತ್ಸಾಲಯದ ಗೇಟಿನ ಬಳಿ ನಿಂತು, ಬಿಡುಗಡೆಯಾಗಿ ಹೊರಟವರ ಮನೆಯವರಿಗೆ ನಾನು 'ಅಧಿಕೃತವಲ್ಲದ ವೈದ್ಯಕೀಯ ಮಾಹಿತಿ' ಹಂಚುತ್ತಿದ್ದೇನಂತೆ, ಕೂಡಲೇ ನಿಲ್ಲಿಸಬೇಕಂತೆ. ನಾನು ಹಂಚುತ್ತಿರುವುದು ಇಷ್ಟೇ: ನೀವು ಕರೆದುಕೊಂಡು ಹೋಗುತ್ತಿರುವವರು ಎಂದಾದರೂ ಗೊರಗೊರ ಎಂದು ವಿಚಿತ್ರವಾಗಿ ಗೊರಕೆ ಹೊಡೆದರೆ ಎಬ್ಬಿಸಿ, ಏಳದಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಇದು ಅಧಿಕೃತವಲ್ಲ ಎಂದು ನಿಮ್ಮ ಕಚೇರಿ ಬರೆದದ್ದನ್ನು ಓದಿ ನಗು ಬಂತು. ಏಕೆಂದರೆ ಇದನ್ನು ನನಗೆ ಕಲಿಸಿದ್ದೇ ನಿಮ್ಮ ಕಚೇರಿ. ಕಲಿಸಿದ್ದು ತುಸು ತಡವಾಯಿತು, ಅಷ್ಟೇ. ಅಷ್ಟರಲ್ಲಿ ನನ್ನ ತಮ್ಮ ಸತ್ತಿದ್ದ.

ನಾನು ನೀರಿನ ಪಂಪು ರಿಪೇರಿ ಮಾಡುವವನು. ಮೋಟರಿನ ಸದ್ದು ಕೇಳಿ ಬೇರಿಂಗ್ ಸವೆದಿದೆಯೋ, ಪೈಪು ಗಾಳಿ ಎಳೆಯುತ್ತಿದೆಯೋ ಹೇಳಬಲ್ಲೆ. ಗಿರಾಕಿಗಳು ಫೋನನ್ನು ಮೋಟರಿನ ಹತ್ತಿರ ಹಿಡಿದರೂ ಸಾಕು. ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಊರವರ ಮೋಟರುಗಳ ಉಸಿರೆಲ್ಲ ಬಲ್ಲವನಿಗೆ ಒಡಹುಟ್ಟಿದವನ ಉಸಿರು ಗೊತ್ತಾಗಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ದೂರುವ ಮೊದಲು ನನ್ನ ಪಾಲಿನದನ್ನು ಒಪ್ಪಿಕೊಳ್ಳಬೇಕಲ್ಲ.

ತಮ್ಮನನ್ನು ಮನೆಯಲ್ಲಿ ಗುಂಡ ಎನ್ನುತ್ತಿದ್ದೆವು. ಮಗುವಾಗಿದ್ದಾಗ ದುಂಡಗಿದ್ದ; ಆಮೇಲೆ ಆಳು ಕಡ್ಡಿಯಾದರೂ ಹೆಸರು ಮಾತ್ರ ಸೊರಗಲಿಲ್ಲ. ಲಾರಿಗೆ ಸಾಮಾನು ಏರಿಸುವಾಗ ಬಿದ್ದು ಸೊಂಟ ಮುರಿದುಕೊಂಡ. ನೋವಿಗೆಂದು ಕೊಟ್ಟ ಮಾತ್ರೆ ಅವನನ್ನು ಹಿಡಿಯಿತು, ಮಾತ್ರೆ ಸಿಗದಾದಾಗ ಸೂಜಿ ಹಿಡಿಯಿತು. ಆ ವರ್ಷಗಳಲ್ಲಿ ಅವನು ನೆಟ್ಟಗೆ ನಿದ್ದೆ ಮಾಡಿದ್ದನ್ನು ನಾವು ನೋಡಿಲ್ಲ. ಅವನು ಮಲಗದಿದ್ದರೆ ಅಮ್ಮನೂ ಮಲಗುತ್ತಿರಲಿಲ್ಲ. ಕೊನೆಗೆ ನಿಮ್ಮ ಚಿಕಿತ್ಸಾಲಯಕ್ಕೆ ಸೇರಿದ. ಹೊರಗೆ ಬಂದಾಗ ಕೆನ್ನೆ ತುಂಬಿಕೊಂಡಿತ್ತು, ಕೈ ನಡುಗುತ್ತಿರಲಿಲ್ಲ. ಅದಕ್ಕೆ ನಿಮಗೆ ಋಣಿಯಾಗಿದ್ದೇನೆ, ಇದು ವ್ಯಂಗ್ಯವಲ್ಲ.

ಬಿಡುಗಡೆಯ ದಿನ ನಿಮ್ಮ ಆಪ್ತಸಮಾಲೋಚಕರು ನಮ್ಮನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು. ಪ್ರೀತಿ ತೋರಿಸಿ, ಅನುಮಾನ ಪಡಬೇಡಿ, ಹೊತ್ತು ಹೊತ್ತಿಗೆ ಊಟ ಕೊಡಿ, ಚೆನ್ನಾಗಿ ನಿದ್ದೆ ಮಾಡಲು ಬಿಡಿ. ನಾವು ಹೇಳಿದಂತೆ ಕೇಳುವ ಜನ. ಒಂದನ್ನೂ ಬಿಡದೆ ಪಾಲಿಸಿದೆವು. ಅಷ್ಟು ದಿನ ಚಟ ಬಿಟ್ಟ ಮೈ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವುದಿಲ್ಲ, ಒಂದೇ ಒಂದು ಸಲ ಎಡವಿದರೂ ಅದೇ ಕೊನೆಯಾಗಬಹುದು ಎಂದು ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೆ ನಾವು ಹೆದರುತ್ತೇವೆಂದೇ? ಹೆದರಿದ್ದರೆ ಏನು ನಷ್ಟವಾಗುತ್ತಿತ್ತು?

ಒಂದು ಭಾನುವಾರ ಕ್ಷೌರಕ್ಕೆಂದು ಹೊರಗೆ ಹೋದ. ಕ್ಷೌರ ಮಾಡಿಸಿಕೊಂಡೇ ಬಂದ, ಆ ಮಾತಿನಲ್ಲಿ ಸುಳ್ಳಿರಲಿಲ್ಲ. "ಅಣ್ಣ, ಸ್ವಲ್ಪ ಮಲಗ್ತೀನಿ, ಕಣ್ಣು ಎಳೀತಿದೆ" ಎಂದು ಕೋಣೆಗೆ ಹೋದ. ತುಸು ಹೊತ್ತಿನಲ್ಲೇ ಗೊರಕೆ ಶುರುವಾಯಿತು. ಪೈಪಿನಲ್ಲಿ ನೀರೂ ಗಾಳಿಯೂ ಕೂಡಿ ಬಂದಂಥ ಸದ್ದು. ನನ್ನ ಮಗಳು, "ಅಪ್ಪ, ಚಿಕ್ಕಪ್ಪ ಟ್ರ್ಯಾಕ್ಟರ್ ಓಡಿಸ್ತಿದಾನೆ" ಎಂದು ನಗಲು ಶುರುಮಾಡಿದಳು.

"ಸುಮ್ನಿರೇ" ಅಂದಳು ಅಮ್ಮ. ಅವಳ ಮುಖ ಅರಳಿತ್ತು. "ನನ್ನ ಮಗ ಹೀಗೆ ಮೈಮರೆತು ಮಲಗಿ ಎಷ್ಟು ವರ್ಷ ಆಯ್ತೋ. ಯಾರೂ ಎಬ್ಬಿಸಬೇಡಿ."

ನನ್ನ ಹೆಂಡತಿ ಮಿಕ್ಸಿ ನಿಲ್ಲಿಸಿದಳು. ಪಕ್ಕದ ಮನೆಯವರು ಗೋಡೆಗೆ ಡ್ರಿಲ್ ಹಾಕುತ್ತಿದ್ದರು, ನಾನೇ ಹೋಗಿ, "ತಮ್ಮ ಮಲಗಿದಾನೆ, ಆಮೇಲೆ ಮಾಡ್ಕೋತೀರಾ?" ಎಂದು ಕೇಳಿದೆ. ನಮ್ಮ ಕಥೆ ಗೊತ್ತಿದ್ದವರು ಅವರು. "ಅಯ್ಯೋ, ಮಲಗಲಿ ಬಿಡಿ ಪಾಪ" ಎಂದು ಡ್ರಿಲ್ ಕೆಳಗಿಟ್ಟರು. ವಾಪಸು ಬಂದು ಅವನ ಕೋಣೆಯ ಬಾಗಿಲು ಮುಚ್ಚಿದೆ. ಕಿರುಗುಟ್ಟುತ್ತದೆಂದು ಸ್ವಲ್ಪ ಎತ್ತಿ ಹಿಡಿದು ಮುಚ್ಚಿದೆ. ಗೊರಕೆ ನಿಂತಾಗ, "ಮಗ್ಗುಲಾದ ಅಂತ ಕಾಣುತ್ತೆ" ಅಂದಳು ಅಮ್ಮ. ನಾನೂ ಹೂಂ ಅಂದೆ. ಹೆಂಡತಿ ಚಹಾ ಕೊಡಲು ಹೋದಾಗ ಅವನ ತುಟಿ ನೀಲಿಯಾಗಿತ್ತು, ಕೈ ತಣ್ಣಗಾಗಿತ್ತು. ಅವನು ಸಾಯುತ್ತಿದ್ದಷ್ಟು ಹೊತ್ತು ನಾವೆಲ್ಲ ಸದ್ದು ಮಾಡದೆ, ಖುಷಿಯಾಗಿ ಕೂತಿದ್ದೆವು, ಮಾನ್ಯರೇ.

ದುಃಖದ ಮೊದಲ ದಿನಗಳು ಕಳೆದ ಮೇಲೆ ಹೀಗೆ ಸತ್ತವರ ಕುರಿತ ನಿಮ್ಮ ಅಧ್ಯಯನದ ಪರವಾಗಿ ಒಬ್ಬಳು ಹುಡುಗಿ ಬಂದಳು. ಮೆದುಮಾತಿನವಳು. ನಮ್ಮ ಒಪ್ಪಿಗೆ ಕೇಳಿಯೇ ಪ್ರಶ್ನೆ ಶುರುಮಾಡಿದಳು. ವಯಸ್ಸು, ಕೆಲಸ, ಯಾವಾಗಿನಿಂದ ಚಟ. ಎಲ್ಲದಕ್ಕೂ ಉತ್ತರ ಹೇಳುತ್ತಾ ಹೋದೆ. ಆಮೇಲೆ ಕೇಳಿದಳು: "ಮಲಗಿದ್ದಾಗ ಗೊರಕೆ ಕೇಳಿಸ್ತಾ ಸರ್? ನೀರು ತುಂಬಿಕೊಂಡ ಹಾಗೆ?"

"ಅದು ನಿಮಗೆ ಹೇಗೆ ಗೊತ್ತು?" ಅಂದೆ.

"ತುಂಬ ಮನೆಗಳಲ್ಲಿ ಹೇಳಿದಾರೆ ಸರ್. ಅದು ನಿದ್ದೆಯ ಗೊರಕೆ ಅಲ್ಲ. ಉಸಿರು ಕಟ್ಟುತ್ತಿರೋ ಸದ್ದು."

ಅಮ್ಮ ಪಕ್ಕದಲ್ಲೇ ಕೂತಿದ್ದಳು. "ಹಾಗಾದ್ರೆ ಎಬ್ಬಿಸಿದ್ರೆ ಬದುಕ್ತಿದ್ನಾ ಮಗೂ?" ಎಂದು ಕೇಳಿದಳು. ಹುಡುಗಿ ಕೈಯಲ್ಲಿದ್ದ ಟ್ಯಾಬ್ ಬೋರಲು ಹಾಕಿದಳು. "ಆಂಬುಲೆನ್ಸ್ ಬೇಗ ಬಂದ್ರೆ, ಅಮಲು ಇಳಿಸೋಕೆ ಮೂಗಿಗೆ ಹೊಡೆಯೋ ಔಷಧಿ ಸಿಕ್ಕರೆ, ಎಷ್ಟೋ ಜನ ಬದುಕ್ತಾರೆ ಅಮ್ಮ" ಅಂದಳು. ಅವಳ ಕಣ್ಣಲ್ಲೂ ನೀರಿತ್ತು. ಅವಳ ಮೇಲೆ ನನ್ನ ದೂರಿಲ್ಲ, ದಯವಿಟ್ಟು ಅವಳಿಗೆ ನೋಟಿಸು ಕೊಡಬೇಡಿ.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಥರದ ಜಗಳ. ಬೇರೆ ಮನೆಗಳಲ್ಲಿ ಆಸ್ತಿಗೆ ಕಿತ್ತಾಡುತ್ತಾರೆ, ನಮ್ಮಲ್ಲಿ ತಪ್ಪಿಗೆ. ಎಬ್ಬಿಸಬೇಡಿ ಅಂದದ್ದು ನಾನು ಎನ್ನುತ್ತಾಳೆ ಅಮ್ಮ. ಬಾಗಿಲು ಮುಚ್ಚಿದ್ದು ನಾನಲ್ಲವೇ ಎನ್ನುತ್ತೇನೆ. ಚಹಾ ಬೇಗ ಮಾಡಬೇಕಿತ್ತು ಎನ್ನುತ್ತಾಳೆ ಹೆಂಡತಿ. ಯಾರೂ ತಮ್ಮ ಪಾಲು ಬಿಟ್ಟುಕೊಡುವುದಿಲ್ಲ. ಮಗಳು ಮಾತ್ರ ಚಿಕ್ಕಪ್ಪನ ಮಾತು ಬಂದರೆ ಎದ್ದು ಹೋಗುತ್ತಾಳೆ. ಅವಳು ನಕ್ಕಿದ್ದಳಲ್ಲ. ನಿನ್ನ ತಪ್ಪಿಲ್ಲ ಕಂದಾ ಎಂದು ಎಷ್ಟು ಹೇಳಿದರೂ, ನಾನೇ ನಂಬದ ಮಾತನ್ನು ಅವಳು ಹೇಗೆ ನಂಬಿಯಾಳು?

ನಾನು ನಿಮ್ಮ ಕಚೇರಿಗೆ ಬಂದೆ. ಇಷ್ಟು ಗೊತ್ತಿದ್ದೂ ಬಿಡುಗಡೆಯ ದಿನವೇ ಏಕೆ ಹೇಳುವುದಿಲ್ಲ ಎಂದು ಕೇಳಿದೆ. ನಿಮ್ಮ ಅಧಿಕಾರಿ ಕುರ್ಚಿ ಕೊಟ್ಟು, ತಾಳ್ಮೆಯಿಂದ ವಿವರಿಸಿದರು. ಅಧ್ಯಯನ ಇನ್ನೂ ಮುಗಿದಿಲ್ಲ. ಮನೆಯವರಿಗೆ ಗೊರಕೆಯ ವಿಷಯ ಮೊದಲೇ ತಿಳಿದರೆ, ಆಮೇಲೆ ಪ್ರಶ್ನೆ ಕೇಳಿದಾಗ ಕೇಳಿಸದವರೂ ಕೇಳಿಸಿತ್ತು ಅಂದಾರು, ಉತ್ತರಗಳು ಕೆಡುತ್ತವೆ. ಎಂಥ ಮುಂದಾಲೋಚನೆ! ಆದರೆ ಮಾನ್ಯರೇ, ನಮಗೆ ಮೊದಲೇ ತಿಳಿದಿದ್ದರೆ ಆ ಪ್ರಶ್ನೆ ಕೇಳಲು ನಮ್ಮ ಮನೆಗೆ ಬರುವ ಅಗತ್ಯವೇ ಬೀಳದೆ ಇರಬಹುದಿತ್ತಲ್ಲ? ಸಂಶೋಧನೆ ಬೇಡ ಎನ್ನುವ ಮೂಢ ನಾನಲ್ಲ. ನೀವು ಹುಡುಕಿರದಿದ್ದರೆ ತಮ್ಮ ಹೇಗೆ ಸತ್ತನೆಂಬುದೇ ನನಗೆ ತಿಳಿಯುತ್ತಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ನಿಮ್ಮ ಎಚ್ಚರಿಕೆಯೂ ಅರ್ಥವಾಗುತ್ತದೆ. ಆದರೆ ಇಲ್ಲಿ ಕೂಸುಗಳು ಸಾಯುತ್ತಿವೆ. ವರದಿ ಪಕ್ವವಾಗಲು ಇನ್ನೂ ಎಷ್ಟು ಮನೆಗಳ ಗೊರಕೆ ಬೇಕು?

ಅದಕ್ಕೇ ಗೇಟಿನ ಬಳಿ ನಿಂತೆ. ಶನಿವಾರ ಬಿಡುಗಡೆಯ ದಿನ, ಅಂದು ಅಂಗಡಿ ಮುಚ್ಚುತ್ತೇನೆ. ಕೆಲವರು ಹುಚ್ಚನೆಂದು ದಾಟಿ ಹೋಗುತ್ತಾರೆ. ಒಬ್ಬ ತಂದೆ, "ನನ್ನ ಮಗ ಇನ್ನು ಮುಟ್ಟೋದಿಲ್ಲ, ಅಪಶಕುನ ನುಡೀಬೇಡಿ" ಎಂದು ಬೈದರು. ಬೈಯಲಿ. ಒಬ್ಬ ಹೆಂಗಸು ಮಾತ್ರ ನಿಂತು ಕೇಳಿ, ನನ್ನ ಫೋನ್ ನಂಬರು ತೆಗೆದುಕೊಂಡಳು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು, ಗಂಡನನ್ನು ಕರೆದೊಯ್ಯಲು ಬಂದಿದ್ದಳು. ಮೊನ್ನೆ ಫೋನ್ ಮಾಡಿದಳು. "ಅಣ್ಣಾ, ನೀವು ಹೇಳಿದ ಹಾಗೇ ಗೊರಕೆ ಬಂತು. ಅಲ್ಲಾಡಿಸಿದೆ, ಏಳಲಿಲ್ಲ. ಆಂಬುಲೆನ್ಸ್‌ನವರು ಬಂದು ಮೂಗಿಗೆ ಏನೋ ಹೊಡೆದ್ರು. ಈಗ ಎದ್ದು ಕೂತಿದಾರೆ, ನನ್ನನ್ನೇ ಬೈತಿದಾರೆ."

ಸಂತೋಷವಾಯಿತು. ಆದರೆ ಫೋನ್ ಇಟ್ಟ ಮೇಲೆ ಹೊಟ್ಟೆಕಿಚ್ಚೂ ಆಯಿತು. ಆ ಬಡಪಾಯಿಯ ಗಂಡ ಬದುಕಿದನಲ್ಲ ಎಂದು ಹೊಟ್ಟೆ ಉರಿಯಿತು. ಅಲ್ಲಾಡಿಸುವುದು, ಕೂಗುವುದು, ಒಂದು ಫೋನ್ ಮಾಡುವುದು; ಇಷ್ಟೇ ಸಾಕಾಗಿತ್ತೇ? ಬಿಚ್ಚಿಟ್ಟ ಮೋಟರಿನ ಎದುರು ಕೂತು ಅತ್ತೆ. ಯಾರದೋ ಮನೆ ಉಳಿದದ್ದಕ್ಕೆ ಹೊಟ್ಟೆ ಉರಿದುಕೊಂಡ ತಪ್ಪನ್ನೂ ನನ್ನ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಬಿಡುಗಡೆಯ ದಿನ, ಪ್ರೀತಿ ತೋರಿಸಿ ಎಂದು ಹೇಳುವ ಬಾಯಿಂದಲೇ ಗೊರಕೆಯ ಮಾತನ್ನೂ ಹಳೆಯ ಪ್ರಮಾಣದ ಮಾತನ್ನೂ ಹೇಳಿಸಿ. ಮೂಗಿಗೆ ಹೊಡೆಯುವ ಔಷಧಿಯನ್ನು ಮನೆಯವರ ಕೈಗೇ ಕೊಟ್ಟು, ಬಳಸುವುದು ಹೇಗೆಂದು ತೋರಿಸಿ ಕಳಿಸಿ. ನಾನು ಹೇಳುತ್ತಿರುವುದು ಸುಳ್ಳಾದರೆ ಶಿಕ್ಷಿಸಿ. ನಿಜವಾದರೆ, ಅದನ್ನು ಹೇಳುವ ಕೆಲಸ ಪಂಪು ರಿಪೇರಿಯವನ ಪಾಲಿಗೆ ಏಕೆ ಬಿತ್ತೆಂದು ಉತ್ತರಿಸಿ. ಅಲ್ಲಿಯವರೆಗೆ ಪ್ರತಿ ಶನಿವಾರ ಗೇಟಿನಲ್ಲಿ ಸಿಗುತ್ತೇನೆ.

ನಿಮ್ಮ ನೋಟಿಸನ್ನು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಾವು ಗೊತ್ತಿಲ್ಲದೆ ಸುಮ್ಮನಿದ್ವಿ. ನಮಗೇ ನಿದ್ದೆ ಹತ್ತಲ್ಲ. ಗೊತ್ತಿದ್ದೂ ಸುಮ್ಮನಿರೋರಿಗೆ ಹೇಗೆ ಹತ್ತುತ್ತೆ, ಕೇಳಿ ಬರಿ" ಅಂದಳು.

ಕೇಳಿದ್ದೇನೆ.

ಇಂತಿ,
'ಹೌದು, ಗೊರಕೆ ಕೇಳಿಸಿತ್ತು' ಎಂದು ನಿಮ್ಮ ಅಧ್ಯಯನಕ್ಕೆ ಉತ್ತರ ಕೊಟ್ಟವರಲ್ಲೊಬ್ಬ