ಅಕ್ಕನ ಅಳತೆಯ ಟಬ್

ಮನೆ, ಬಟ್ಟೆ ಕತ್ತರಿಸುವ ಮೇಜು
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಈಗ ಹೇಗಿದೆ? ಬೆಳಿಗ್ಗೆ ಎದ್ದ ಕೂಡಲೇ ಎಡಗಾಲು ಮರಗಟ್ಟುತ್ತದೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ನೀನಾಗಿ ನೀನು ಇಂಥದ್ದನ್ನು ಬಾಯಿಬಿಡುವವಳಲ್ಲ. ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ದಿಂಬಿನ ಕೆಳಗೆ ಸೇರಿಸುತ್ತಿದ್ದೀಯೋ? ವ್ಯಾಯಾಮ ಮಾಡಿಸಲು ಬರುವ ಹುಡುಗಿಯ ಮೇಲೆ ಸಿಡುಕಬೇಡ, ಪಾಪ, ಅವಳ ಕೆಲಸವೇ ಅದು. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಅಂಗಡಿ ತೆರೆಯುತ್ತೇನೆ, ಹೊತ್ತು ತಪ್ಪಿ ಊಟ ಮಾಡುತ್ತೇನೆ, ವಾರಕ್ಕೆ ಎರಡು ಸಲ ಹಾಲು ಉಕ್ಕಿಸುತ್ತೇನೆ. ‘ನಿನ್ನ ಕಣ್ಣೇನು ಸಂತೆಗೆ ಹೋಗಿತ್ತಾ’ ಎಂದು ಕೇಳುವವರು ಯಾರೂ ಇಲ್ಲ. ಬೈಯುವವರಿಲ್ಲದ ಮನೆಯಲ್ಲಿ ಉಕ್ಕಿದ ಹಾಲನ್ನು ಒರೆಸುವುದು ಎಂಥ ಬೇಸರದ ಕೆಲಸ ಎಂಬುದು ನೀನು ತಂಗಿಯ ಮನೆಗೆ ಹೋದ ಈ ಎಂಟು ತಿಂಗಳಲ್ಲಿ ನನಗೆ ಗೊತ್ತಾಯಿತು.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಅರ್ಧ ಪುಟ ಹವಾಮಾನ, ಅರ್ಧ ಪುಟ ತಂಗಿಯ ಮಕ್ಕಳ ಕಿತಾಪತಿ, ಕೊನೆಗೆ ಅಂಚಿನಲ್ಲಿ ಜಾಗ ಉಳಿಯಿತೆಂದು ಬರೆದ ಹಾಗೆ ಒಂದು ಸಾಲು: ‘ನನ್ನ ಟ್ರಂಕು ಇಲ್ಲಿಗೆ ಕಳಿಸಿಬಿಡು. ಇನ್ಮೇಲೆ ಇಲ್ಲೇ ಇರ್ತೀನಿ, ನಿನಗ್ಯಾಕೆ ತೊಂದರೆ.’ ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಟ್ರಂಕು ಕಳಿಸಿಲ್ಲ ಅಕ್ಕಾ. ಕಳಿಸುವುದೇ ಇಲ್ಲ ಎಂದು ಖಡಾಖಂಡಿತವಾಗಿ ಬರೆಯಬೇಕೆಂದು ಕೂತೆ. ಆದರೆ ನೀನು ಕೇಳಿದ್ದನ್ನು ಕೊಡುವುದಿಲ್ಲ ಎನ್ನುವ ಧೈರ್ಯ ಅರವತ್ತೊಂದನೆಯ ವಯಸ್ಸಿನಲ್ಲೂ ನನಗೆ ಬಂದಿಲ್ಲ. ಅದಕ್ಕೇ ಮೊದಲು ಬಚ್ಚಲುಮನೆಯ ಸಮಾಚಾರ ಹೇಳುತ್ತೇನೆ. ಟ್ರಂಕಿನ ವಿಷಯ ಆಮೇಲೆ ನೋಡೋಣ.

ಬಚ್ಚಲುಮನೆಯನ್ನು ಪೂರ್ತಿ ಒಡೆಸಿಬಿಟ್ಟೆ. ನೀನು ಜಾರಿದ ಆ ಹಸಿರು ನೆಲ ಈಗಿಲ್ಲ. ಮೊದಲನೆಯ ಸುತ್ತಿಗೆ ಏಟು ನಾನೇ ಹಾಕುತ್ತೇನೆಂದು ಹಟ ಹಿಡಿದೆ, ಹಾಕಿದೆ, ಮಣಿಕಟ್ಟು ಎರಡು ದಿನ ಊದಿಕೊಂಡಿತ್ತು. ನಗಬೇಡ. ಪ್ಲಂಬರ್ ಕೂಡ ನಕ್ಕ, ಅದೂ ನೀನು ‘ಮಾತಿನಮಲ್ಲ’ ಎಂದು ಹೆಸರಿಟ್ಟ, ದಿನಕ್ಕೆ ನಾಲ್ಕು ಮಾತೂ ಆಡದ ಮನುಷ್ಯ. ಈಗ ನನ್ನ ಸ್ನಾನ ಪಕ್ಕದ ಸಲೂನಿನ ಹಿಂದಿನ ಕೋಣೆಯಲ್ಲಿ. ಟವಲ್ಲು ಹೆಗಲಿಗೆ ಹಾಕಿಕೊಂಡು ರಸ್ತೆಯಲ್ಲಿ ನಡೆದು ಹೋಗುವಾಗ ಜನ ನೋಡುತ್ತಾರೆ, ನಾನು ಹೊಲಿದು ಕೊಟ್ಟ ಕೋಟು ಹಾಕಿಕೊಂಡವರೇ ನನ್ನನ್ನು ಈ ಅವತಾರದಲ್ಲಿ ನೋಡುತ್ತಾರೆ.

ಹೊಸದರಲ್ಲಿ ಟಬ್ಬೂ ಇರುತ್ತದೆ, ಶವರೂ ಇರುತ್ತದೆ, ಎರಡೂ ಒಂದೇ ಕಡೆ. ನಿನ್ನ ಗಂಡ ತೀರಿಕೊಂಡು ನೀನು ಇಲ್ಲಿಗೆ ಬಂದು ಸೇರಿದಾಗಿನಿಂದ ಇಪ್ಪತ್ತಾರು ವರ್ಷ ನಾವಿಬ್ಬರೂ ಜಗಳವಾಡಿದ್ದು ಇದಕ್ಕೇ ತಾನೆ? ನಿನಗೆ ಟಬ್ ಬೇಕು, ನನಗೆ ನಿಂತು ಮೂರು ನಿಮಿಷದಲ್ಲಿ ಮುಗಿಸುವ ಶವರ್ ಬೇಕು, ಕೊನೆಗೆ ಇಬ್ಬರಿಗೂ ದಕ್ಕಿದ್ದು ಬಕೆಟ್ಟು. ಹೋಟೆಲಿನಲ್ಲಿ ಕೋಣೆ ಚೊಕ್ಕಟ ಮಾಡುವ ಕೆಲಸಕ್ಕಿದ್ದಾಗ ದಿನಕ್ಕೆ ಹನ್ನೆರಡು ಟಬ್ ಉಜ್ಜುತ್ತಿದ್ದೆ ಎಂದು ನೀನು ಹೇಳಿದ್ದು ನೆನಪಿದೆ. ಹನ್ನೆರಡೂ ಬಿಳಿ, ಹನ್ನೆರಡೂ ಬೇರೆಯವರದ್ದು. ಮಂಡಿಯೂರಿ ಉಜ್ಜುವುದಷ್ಟೇ, ಒಂದು ದಿನವೂ ಒಳಗೆ ಕಾಲಿಡಲಿಲ್ಲ. ‘ಒಂದೇ ಒಂದು ಸಲ ಕಾಲು ಚಾಚಿ ಕೂತ್ಕೋಬೇಕು ಕಣೋ, ಯಾರೂ ಬಾಗಿಲು ತಟ್ಟಬಾರದು’ ಎನ್ನುತ್ತಿದ್ದೆ. ಆಗೆಲ್ಲ ನಾನು ತಲೆಯೆತ್ತದೆ ಹೊಲಿಗೆ ಹಾಕುತ್ತಿದ್ದೆ. ಕೇಳಿಸಿಕೊಂಡಿದ್ದೆ ಅಕ್ಕಾ, ಕೇಳಿಸದ ಹಾಗೆ ಇದ್ದೆ ಅಷ್ಟೇ.

ಟಬ್ ಆರಿಸಲು ಮೂರು ಸಲ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ತಲೆ ತಿಂದನೋ, ನಾನು ಅವನ ತಲೆ ತಿಂದೆನೋ, ಮೂರನೆಯ ಸಲ ನನ್ನನ್ನು ಕಂಡ ಕೂಡಲೇ ಟೀ ತರಿಸಿದ. ನಮ್ಮ ಗೋಡೆಗೆ ಐದಡಿ ಉದ್ದದ್ದು ಮಾತ್ರ ಹಿಡಿಸುತ್ತದೆ. ಅದರಲ್ಲಿ ಎರಡು ಬಗೆ. ಒಂದರ ಅಂಚು ನೆಲದಿಂದ ಹದಿನಾಲ್ಕು ಇಂಚು, ಇನ್ನೊಂದರದ್ದು ಹತ್ತೊಂಬತ್ತು. ತಗ್ಗಿನದರಲ್ಲಿ ನೀರು ಹೊಟ್ಟೆಯವರೆಗೆ ಬಂದರೆ ಹೆಚ್ಚು, ಆಳದ್ದರಲ್ಲಿ ಹೆಗಲು ಮುಳುಗುತ್ತದೆ. ಹತ್ತುವುದು ಕಷ್ಟವಾಗುವುದಿಲ್ಲವೇ ಎಂದು ಅವನು ಕೇಳಿದ. ನಾನು ದರ್ಜಿ, ನನಗೆ ಅಳತೆ ಹೇಳಿಕೊಡಲು ಬಂದ. ಮನೆಗೆ ಬಂದು ಅಳತೆ ಪುಸ್ತಕದಲ್ಲಿ ನಿನ್ನ ಪುಟ ತೆಗೆದೆ. ಕಂದು ಬಣ್ಣದ ಉದ್ದ ಕೋಟು ಹೊಲಿದಾಗ ಬರೆದದ್ದು. ಮಂಡಿಯಿಂದ ನೆಲಕ್ಕೆ ಹತ್ತೊಂಬತ್ತೂವರೆ. ಟಬ್ಬಿನ ಅಂಚು ನಿನ್ನ ಮಂಡಿಗಿಂತ ಅರ್ಧ ಇಂಚು ಕೆಳಗೇ ಬರುತ್ತದೆ. ಇಸ್ತ್ರಿ ಬಟ್ಟೆಯ ಬುಟ್ಟಿ ಸೊಂಟದ ಮೇಲಿಟ್ಟುಕೊಂಡು ಈ ಮೇಜಿನ ಅಡ್ಡಪಟ್ಟಿಯನ್ನೇ ದಾಟುತ್ತಿದ್ದವಳು ನೀನು. ಆಳದ್ದನ್ನೇ ಕಳಿಸು ಎಂದು ಅಂಗಡಿಯವನಿಗೆ ಹೇಳಿದೆ.

ಬಚ್ಚಲಿನ ನಕ್ಷೆಯನ್ನು ನಾನು ನನ್ನ ರೀತಿಯಲ್ಲೇ ಮಾಡಿದೆ. ಕೋಟಿನ ಭಾಗಗಳನ್ನು ಮೊದಲು ಕಾಗದದಲ್ಲಿ ಕತ್ತರಿಸುವ ಹಾಗೆ, ಕಂದು ಕಾಗದ ಅಂಟಿಸಿ ಟಬ್ಬನ್ನು ಪೂರ್ತಿ ಅಳತೆಗೆ ಕತ್ತರಿಸಿದೆ. ಬೇಸಿನ್ನು, ಬಾಗಿಲು ತಿರುಗುವ ಅರ್ಧ ಚಕ್ರ, ಎಲ್ಲವನ್ನೂ ಕತ್ತರಿಸಿ ನೆಲದ ಮೇಲೆ ಹಾಸಿದೆ. ಆಮೇಲೆ ಕಾಗದದ ಟಬ್ಬಿನಲ್ಲಿ ಮಲಗಿ ನೋಡಿದೆ. ತಲೆ ಯಾವ ಕಡೆ, ಕಿಟಕಿಯ ಬೆಳಕು ಕಣ್ಣಿಗೆ ಬಡಿಯುತ್ತದೋ ಇಲ್ಲವೋ, ಸೋಪು ಕೈಗೆಟಕುತ್ತದೋ ಇಲ್ಲವೋ ಎಂದು. ಪ್ಯಾಂಟು ಒಯ್ಯಲು ಬಂದ ಶಾಲೆಯ ಮೇಷ್ಟ್ರು ನಾನು ನೆಲದ ಮೇಲೆ ಬಿದ್ದಿರುವುದನ್ನು ಕಂಡು ಗಾಬರಿಯಿಂದ ಆಂಬುಲೆನ್ಸಿಗೆ ಫೋನು ಮಾಡಲು ಹೊರಟಿದ್ದರು. ಹಾಗೆ ಮಲಗಿದ್ದಾಗಲೇ ಬಾಗಿಲಿನ ಕಾಗದ ಟಬ್ಬಿನ ಕಾಗದದ ಮೇಲೆ ಬರುತ್ತಿರುವುದು ಕಂಡಿತು. ಅದಕ್ಕೇ ಬಾಗಿಲು ಈಗ ಹೊರಕ್ಕೆ ತೆರೆಯುವಂತೆ ಮಾಡಿಸಿದ್ದೇನೆ. ಜಾಗ ಉಳಿಯಿತು ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಬೇರೆ. ಅವತ್ತು ನೀನು ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದೆ. ನಾನು ಹೊರಗಿನಿಂದ ತಳ್ಳಿದಷ್ಟೂ ಬಾಗಿಲು ನಿನ್ನ ಸೊಂಟಕ್ಕೇ ತಾಗುತ್ತಿತ್ತು. ‘ತಳ್ಳಬೇಡ್ವೋ’ ಎಂದು ನೀನು ಮೆಲ್ಲಗೆ ಹೇಳಿದ್ದು ಈಗಲೂ ಯಂತ್ರದ ಸದ್ದಿನ ನಡುವೆ ಕೇಳಿಸುತ್ತದೆ.

ನಲ್ಲಿಯ ವಿಷಯಕ್ಕೆ ನನಗೂ ಮಾತಿನಮಲ್ಲನಿಗೂ ವಾಗ್ವಾದವೇ ಆಯಿತು, ಅಂದರೆ ನಾನು ಮಾತಾಡಿದೆ, ಅವನು ತಲೆಯಾಡಿಸಿದ. ನಲ್ಲಿ ಟಬ್ಬಿನ ಕಾಲ ಕಡೆಗೆ ಗೋಡೆಯ ನಡುವೆ ಇರುವುದು ವಾಡಿಕೆಯಂತೆ. ಹಾಗಿದ್ದರೆ ನೀರು ಬಿಡಲು ಬಗ್ಗಬೇಕು, ಬಗ್ಗಿದಾಗ ತಣ್ಣೀರು ತಲೆಗೆ ಸುರಿಯುತ್ತದೆ. ನಾನು ಅದನ್ನು ಹೊರ ಅಂಚಿನ ಕಡೆಗೆ ಎಳೆಸಿದೆ. ನೀನು ಹೊರಗೆ ನಿಂತೇ ನೀರು ಬಿಟ್ಟು, ಬೆಚ್ಚಗಾದ ಮೇಲೆ ಒಳಗೆ ಹೋಗಬಹುದು. ಶವರನ್ನು ಕೈಗೆ ತೆಗೆದುಕೊಳ್ಳಲೂ ಬರುತ್ತದೆ, ಕೂತಲ್ಲೇ ತಲೆ ತೊಳೆಯಬಹುದು. ಗೋಡೆಗೆ ಎರಡು ಹಿಡಿಕೆ, ಒಂದು ನೆಟ್ಟಗೆ, ಒಂದು ಅಡ್ಡಕ್ಕೆ. ಗಾಜಿನ ತಡೆ ಬೇಡವೆಂದೆ, ಅರ್ಧ ಬಾಗಿಲಾದರೂ ಅದು ಬಾಗಿಲೇ. ಪರದೆ ನಾನೇ ಹೊಲಿದೆ. ನೀರಿಗೆ ಹಾಳಾಗದ ಬಟ್ಟೆ, ತಿಳಿ ಬೂದು ಬಣ್ಣ, ನಿನಗೆ ಹೂವಿನದ್ದು ಸೇರುವುದಿಲ್ಲವಲ್ಲ. ಶವರ್ ಬಿಟ್ಟಾಗ ಪರದೆ ಒಳಕ್ಕೆ ಹಾರಿ ಮೈಗೆ ಅಂಟಬಾರದೆಂದು, ಕೋಟಿನ ಅಂಚಿಗೆ ಹಾಕುವ ಸೀಸದ ಗುಂಡುಗಳನ್ನು ಕೆಳಗಿನ ಮಡಿಕೆಯಲ್ಲಿ ಸೇರಿಸಿದ್ದೇನೆ. ಇಂಥ ಪರದೆ ಊರಿನಲ್ಲಿ ಇನ್ನೊಂದಿಲ್ಲ, ಬರೆದಿಟ್ಟುಕೋ.

ಅಂಗಡಿ ನಡೆಯುತ್ತಿದೆ. ಎಲ್ಲರೂ ನಿನ್ನನ್ನು ಕೇಳುತ್ತಾರೆ. ಗುಂಡಿಯ ಕಾಜಾ ಈಗ ನಾನೇ ಹೊಲಿಯುತ್ತೇನೆ, ನೋಡಿದವರು ಹೆಬ್ಬೆರಳಿನಿಂದ ಒಮ್ಮೆ ಸವರಿ, ಅಕ್ಕ ಯಾವಾಗ ಬರ್ತಾರೆ ಎನ್ನುತ್ತಾರೆ. ಹಡಗಿನ ಅಡುಗೆಯವನು ಎಂದಿನಂತೆ ತನ್ನ ಅಳತೆಗೆಂದು ಲಕೋಟೆಯಲ್ಲಿ ದಾರ ಕಳಿಸಿದ್ದಾನೆ. ಎದೆಗೊಂದು ಗಂಟು, ಸೊಂಟಕ್ಕೊಂದು, ತೋಳಿಗೊಂದು. ಹೋದ ಸಲ ಅವನು ಸೊಂಟದ ಗಂಟನ್ನು ತನ್ನ ಆಸೆಗೆ ತಕ್ಕ ಹಾಗೆ ಕಟ್ಟಿ, ಪ್ಯಾಂಟು ತೊಡೆಯಿಂದ ಮೇಲೆ ಏರದೆ ವಾಪಸ್ ಬಂದಾಗ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈ ಸಲವೂ ಆ ಗಂಟು ನಂಬುವ ಹಾಗಿಲ್ಲ. ನೀನಿದ್ದರೆ ಬೆರಳಲ್ಲಿ ಹಿಡಿದ ಕೂಡಲೇ ಎಷ್ಟು ಸುಳ್ಳು ಎಂದು ಹೇಳಿಬಿಡುತ್ತಿದ್ದೆ. ದಾರ ಮೊಳೆಗೆ ನೇತುಹಾಕಿದ್ದೇನೆ, ತೋರಿಸಲು ಯಾರೂ ಇಲ್ಲದೆ.

ಟಬ್ ಬಂದು ನಾಲ್ಕು ದಿನವಾಯಿತು. ಗೋಡೆಯ ಗಾರೆ ಒಣಗುವವರೆಗೂ ಅದು ಅಂಗಡಿಯ ನಡುವೆಯೇ ಕೂತಿರುತ್ತದೆ. ಗಿರಾಕಿಗಳು ಬಂದವರೇ ಪೊಟ್ಟಣಗಳನ್ನು ಅದರೊಳಗೆ ಹಾಕುತ್ತಾರೆ. ನಿನ್ನೆ ನಿವೃತ್ತ ನರ್ಸಮ್ಮ ಬಂದಿದ್ದರು, ಕೋಲೂರಿಕೊಂಡು, ಕೋಟಿನ ತೋಳು ಗಿಡ್ಡ ಮಾಡಿಸಲಿಕ್ಕೆ. ಟಬ್ಬಿನ ಅಂಚಿಗೆ ಕೋಲಿನಿಂದ ಎರಡು ಸಲ ತಟ್ಟಿ, ‘ಇದನ್ನ ಹತ್ತೋರು ಯಾರು?’ ಎಂದರು. ಎಲ್ಲದಕ್ಕೂ ಮೂಗು ತೂರಿಸುವುದು ಅವರ ಅಭ್ಯಾಸ, ನಿನಗೆ ಗೊತ್ತೇ ಇದೆ. ನಮ್ಮ ಅಕ್ಕ ಎಂದೆ, ಸ್ವಲ್ಪ ಜೋರಾಗಿಯೇ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕೋಟು ಯಾವಾಗ ಸಿಗುತ್ತದೆ ಎಂದು ಕೇಳಿ ಹೋದರು.

ಇಷ್ಟು ಹೊತ್ತು ಬಚ್ಚಲಿನ ಮಾತಾಡಿದ್ದು ಏತಕ್ಕೆಂದು ನಿನಗೆ ಅರ್ಥವಾಗಿರುತ್ತದೆ. ತೊಂದರೆ ಎಂದೆಯಲ್ಲ, ಇಲ್ಲಿ ತೊಂದರೆ ಕೊಡುವವರಿಲ್ಲ ಎಂಬುದೇ ತೊಂದರೆ. ಬೆಳಿಗ್ಗೆ ಎರಡು ಲೋಟ ತೆಗೆದು ಒಂದನ್ನು ಮತ್ತೆ ಕಪಾಟಿಗೆ ಇಡುತ್ತೇನೆ. ರೇಡಿಯೋದವಳು ಹೇಳಿದ್ದಕ್ಕೆ ಉತ್ತರ ಕೊಡಲು ಶುರುಮಾಡಿದ್ದೇನೆ. ನನಗೆ ನೀನಿಲ್ಲದೆ ಆಗುವುದಿಲ್ಲ ಅಕ್ಕಾ.

ತಂಗಿಗೂ ಅವಳ ಯಜಮಾನರಿಗೂ ನನ್ನ ನೆನಪು ತಿಳಿಸು. ಮಕ್ಕಳಿಗೆ ಮಾವನ ಮುದ್ದು. ನಿನ್ನ ಕೈ ಎಂದಿನಂತೆ ನನ್ನ ತಲೆಯ ಮೇಲಿರಲಿ.

ನಿನ್ನ ತಮ್ಮ,
ಗುಂಡಿ
(ಚಿಕ್ಕಂದಿನಲ್ಲಿ ನುಂಗಿದ ಆ ಒಂದು ಗುಂಡಿಗೆ ಇನ್ನೆಷ್ಟು ವರ್ಷ ಈ ಹೆಸರು?)

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ನರ್ಸಮ್ಮನ ಮಾತು ತಲೆಯಿಂದ ಹೋಗಲಿಲ್ಲ. ಈಗಷ್ಟೇ ಅಂಗಡಿ ಬಾಗಿಲು ಹಾಕಿ, ಬಟ್ಟೆ ಅಳೆಯುವ ಗಜಕಡ್ಡಿಯನ್ನು ಎಡಗಾಲಿಗೆ ಕೋಟಿನ ಒಳಪದರದ ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಿ, ನಿನ್ನ ಮರಗಟ್ಟಿದ ಕಾಲಿನಂತೆ ಮಂಡಿ ಬಗ್ಗದ ಹಾಗೆ ಮಾಡಿಕೊಂಡು ಟಬ್ ಹತ್ತಲು ಹೋದೆ. ಕಾಲು ಐದು ಇಂಚೂ ಏಳಲಿಲ್ಲ. ಮುಗ್ಗರಿಸಿ ಪೊಟ್ಟಣಗಳ ಮೇಲೆ ಬಿದ್ದೆ. ಏಟಾಗಿಲ್ಲ. ಒಣ ಟಬ್ಬಿನಲ್ಲಿ ಕೂತು ಅತ್ತೆ. ನಾನು ತೆಗೆದ ಪುಟ ಹನ್ನೊಂದು ವರ್ಷ ಹಳೆಯದು ಅಕ್ಕಾ. ಬಿದ್ದ ಮೇಲಿನ ನಿನ್ನ ಅಳತೆ ನನ್ನ ಹತ್ತಿರ ಇಲ್ಲವೇ ಇಲ್ಲ. ಡಿಸೆಂಬರಿನಲ್ಲಿ ಅಲ್ಲಿಗೆ ಬಂದಾಗ ನೀನು ವಾಕರ್ ಹಿಡಿದು ಹಜಾರದ ಆ ತುದಿಯಿಂದ ನಡೆದು ಬಂದೆ, ನಾನು ಅಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ನೀನು ಅದನ್ನು ಗಮನಿಸಿದೆ. ಟ್ರಂಕು ಕೇಳಿದ್ದು ಅದಕ್ಕೇ ಇರಬೇಕು.

ಎಡಗಾಲು ಎಷ್ಟು ಎತ್ತರ ಏಳುತ್ತದೆಂದು ದಾರಕ್ಕೆ ಗಂಟು ಹಾಕಿ ಕಳಿಸು ಎಂದು ಬರೆದು, ದಾರವನ್ನೂ ಲಕೋಟೆಯೊಳಗೆ ಇಟ್ಟಿದ್ದೆ. ತೆಗೆದುಬಿಟ್ಟೆ. ನನ್ನ ಸಂತೋಷಕ್ಕೆಂದು ಗಂಟನ್ನು ಮೇಲಕ್ಕೆ ಕಟ್ಟುವವಳು ನೀನು. ಟಬ್ಬಿಗೆ ಇನ್ನೂ ಗಾರೆ ಮೆತ್ತಿಲ್ಲ, ಅಂಗಡಿಯವನು ಬದಲಿಸಿ ಕೊಡುತ್ತಾನೆ. ಶನಿವಾರ ಮೊದಲ ಬಸ್ಸಿಗೆ ಟೇಪು ಹಿಡಿದುಕೊಂಡು ಬರುತ್ತೇನೆ. ನೀನು ನಡೆ, ಕಾಲೆತ್ತು, ನಾನು ನೋಡುತ್ತೇನೆ. ಏಳುವಷ್ಟು ಏಳಲಿ, ಅದಕ್ಕೆ ಸರಿಯಾದದ್ದನ್ನು ಹುಡುಕೋಣ. ಏಳದೇ ಹೋದರೆ ಟಬ್ಬೇ ಬೇಡ, ನೆಲವನ್ನೇ ಸಮ ಮಾಡಿಸಿ ಶವರಿನ ಕೆಳಗೆ ಕುರ್ಚಿ ಹಾಕಿಸುತ್ತೇನೆ. ಕಾಲು ಚಾಚಿ ಕೂತುಕೋ, ಯಾರೂ ಬಾಗಿಲು ತಟ್ಟುವುದಿಲ್ಲ. ನೀನು ಕೇಳಿದ ಟ್ರಂಕನ್ನೂ ತರುತ್ತೇನೆ. ಖಾಲಿ ತರುತ್ತೇನೆ, ಅಲ್ಲಿರುವ ನಿನ್ನ ಬಟ್ಟೆ ತುಂಬಿಕೊಂಡು ಬರಲಿಕ್ಕೆ.