ಲಾಜರನ ಮುಂದಿಟ್ಟ ಫೋಟೋ

ನವೆಂಬರ್ 6, 2006. ಸೋಮವಾರ, ಬೆಳಿಗ್ಗೆ

ಮಾತ್ರೆ ನುಂಗಿದ್ದಾಯಿತು. ಮೇಲೆ ಬೆಕ್ಕುಗುರು ಅನ್ನುವ ಬಳ್ಳಿಯ ತೊಗಟೆಯ ಕಷಾಯ ಒಂದು ಲೋಟ, ಕಹಿ ಅಂದರೆ ಕಹಿ. ಲೋಳೆಸರಕ್ಕೆ ಜೇನು ಕಲಸಿ ಒಂದು ಚಮಚ. ರೋಗಿಗಳನ್ನು ಕಾಯುವ ಸಂತ ಲಾಜರನಿಗೆ ಮೇಣದಬತ್ತಿ. ಇನ್ನು ಸ್ಕೂಲ್ ಅಡುಗೆಮನೆಗೆ ಓಡಬೇಕು, ಇವತ್ತು ಸೂಪು ನನ್ನ ಪಾಲು.

ಶುಕ್ರವಾರದ್ದು ಬರೆದೇ ಇಲ್ಲ. ರಿಪೋರ್ಟ್ ಬಂತು. ರಕ್ತದಲ್ಲಿ ವೈರಸ್ ಕಾಣಿಸುತ್ತಿಲ್ಲ. ಹೋಗಿಲ್ಲ, ಮಶೀನಿಗೆ ಸಿಗದಷ್ಟು ಕಡಿಮೆ ಆಗಿದೆ ಅಷ್ಟೇ. ಡಾಕ್ಟರ್ ಹುಡುಗ ತಾನೇ ಪರೀಕ್ಷೆ ಪಾಸಾದವನ ಹಾಗೆ ಹಿಗ್ಗಿದ. ಎಂದಿನಂತೆ ಕೇಳಿದ — ಗಿಡಮೂಲಿಕೆ, ನಾಟಿ ಔಷಧಿ ಏನಾದರೂ? ಎಂದಿನಂತೆ ಇಲ್ಲ ಅಂದೆ. ವಲಸೆ ಬಂದ ನಮ್ಮವರೆಲ್ಲ ಡಾಕ್ಟರ ಮುಂದೆ ಹೇಳುವುದು ಅದನ್ನೇ. ಹೌದು ಅಂದರೆ ಅವನ ಮುಖ ಹೇಗಾಗುತ್ತೆ ಅಂತ ಗೊತ್ತಲ್ಲ.

ಕ್ಲಿನಿಕ್ಕಿನ ಕಾಯುವ ಹಾಲ್‌ನಲ್ಲಿ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಯಹಾಯ್ರಾ! ಪಾಪ, ಇನ್ನೂ ಎಳೇ ಹೆಂಗಸು. ಅವಳು ನನ್ನ ನೋಡಲಿಲ್ಲ, ನಾನು ಅವಳ ನೋಡಲಿಲ್ಲ. ಇಂಥ ಕಡೆ ಸಿಕ್ಕರೆ ಗುರುತಿಲ್ಲದವರ ಹಾಗೆ ಕೂರುವುದೇ ಮರ್ಯಾದೆ.

ಅದೇ ದಿನ, ಸಂಜೆ

ಒಬ್ದುಲಿಯಮ್ಮನ ಅಂಗಡಿಗೆ ಹೋಗಿದ್ದೆ. ಬೇರು, ತೊಗಟೆ, ಮೇಣದಬತ್ತಿ, ಸಂತರ ಬೊಂಬೆ — ಬ್ರಾಂಕ್ಸ್‌ನಲ್ಲಿ ಮೈಗೆ ಮನಸ್ಸಿಗೆ ಏನೇ ಆದರೂ ನಮ್ಮವರು ಮೊದಲು ಓಡುವುದು ಅಲ್ಲಿಗೇ. ನನ್ನ ರೋಗದ ಹೆಸರು ಗೊತ್ತಿರುವ ನಾಲ್ಕೈದು ಜನರಲ್ಲಿ ಅವರೊಬ್ಬರು. ಸುದ್ದಿ ಕೇಳಿ ಕಣ್ಣೀರು ಹಾಕಿಕೊಂಡರು. ತೊಗಟೆಯ ಚೀಲಕ್ಕೆ ಮುತ್ತಿಟ್ಟರು.

ಮಾತ್ರೆಯ ವಿಷಯ ಅವರಿಗೆ ಹೇಳಿಲ್ಲ. ಯಾವತ್ತೂ ಹೇಳಿಲ್ಲ. ಆಸ್ಪತ್ರೆ ಮಾತ್ರೆ ಪಿತ್ತಕೋಶ ಸುಡುತ್ತೆ, ಅದರ ಜೊತೆ ನನ್ನ ತೊಗಟೆ ಕೊಡಲ್ಲ ಅನ್ನುವ ಹೆಂಗಸು. ಹಾಗಾಗಿ ಡಾಕ್ಟರ ಹತ್ತಿರ ಕಷಾಯದ ಸೊಲ್ಲಿಲ್ಲ, ಅಂಗಡಿಯಲ್ಲಿ ಮಾತ್ರೆಯ ಸೊಲ್ಲಿಲ್ಲ. ಹೊಟ್ಟೆಯೊಳಗೆ ಮಾತ್ರ ಎರಡೂ ಜಗಳವಾಡದೆ ಇವೆ.

ಲಾಜರನಿಗೆ ಹರಕೆ ಹೊತ್ತಿದ್ದೆ, ರಕ್ತ ತಿಳಿಯಾದರೆ ನಿನ್ನ ಮುಂದೆ ಫೋಟೋ ಇಡ್ತೀನಿ ಅಂತ. ಅಂಗಡಿಯ ಮೂಲೆಯಲ್ಲಿ ಊರುಗೋಲು ಹಿಡಿದು ನಿಂತಿದ್ದಾನಲ್ಲ, ಅವನ ಪಾದದ ಹತ್ತಿರ ಇಟ್ಟು ಬಂದೆ. ಹಸಿರು ಗೌನಿನ ಫೋಟೋ. ಕೆಳಗೆ ಬರೆದೆ — ‘ಆರೋಗ್ಯ ಕೊಟ್ಟಿದ್ದಕ್ಕೆ. ನೆರೇಯ್ದಾ.’ ಚೆನ್ನಾಗಿ ಕಾಣ್ತೀನಿ. ಸುಳ್ಳು ಯಾಕೆ.

ನವೆಂಬರ್ 10

ಫೋಟೋ ನೋಡಿದ ಮೂರು ಜನ ಬೀದಿಯಲ್ಲಿ ನಿಲ್ಲಿಸಿ ಕೈ ಕುಲುಕಿದರು. ಏನು ಕಾಯಿಲೆ ಅಂತ ಯಾರಿಗೂ ಗೊತ್ತಿಲ್ಲ, ರಕ್ತದ್ದೇನೋ ಅಂತ. ಎಲ್ಲರೂ ಕೊಂಡು ತೊಗಟೆ ಖಾಲಿಯಂತೆ, ಒಬ್ದುಲಿಯಮ್ಮ ಮತ್ತೆ ತರಿಸುತ್ತಿದ್ದಾರೆ. ನಗು ಬಂತು. ಬರಲಿ ಬಿಡು, ಅವರ ಅಂಗಡಿಯೂ ನಡೆಯಲಿ.

ನವೆಂಬರ್ 29

ಬಾಗಿಲಿಗೆ ಚಿಲಕ ಹಾಕಿ ಬರೆಯುತ್ತಿದ್ದೇನೆ.

ಮೆಟ್ಟಿಲಲ್ಲಿ ಯಹಾಯ್ರಾ ಸಿಕ್ಕಳು. ಗುರುತೇ ಹತ್ತಲಿಲ್ಲ. ಕೋಟಿನೊಳಗೆ ಮೈಯೇ ಇಲ್ಲ. ಮೊದಲ ಸಲ ತಾನಾಗಿ ನಕ್ಕಳು. ನಾಲಿಗೆ ಮೇಲೆಲ್ಲ ಬಿಳಿ ಅಗ್ರ, ಹುಣ್ಣು. ಕಿವಿಯ ಹತ್ತಿರ ಬಂದು ಹೇಳಿದಳು:

“ಅಕ್ಕಾ, ನಾನೂ ನಿಮ್ಮ ದಾರಿನೇ ಹಿಡಿದೆ. ಆ ಮಾತ್ರೆ ಎಲ್ಲ ಟಾಯ್ಲೆಟ್‌ಗೆ ಸುರಿದ್ಬಿಟ್ಟೆ.”

ಮಾತ್ರೆ ನುಂಗಿದರೆ ವಾಂತಿಯಾಗುತ್ತಿತ್ತಂತೆ. ಅಂಗಡಿಯಲ್ಲಿ ನನ್ನ ಫೋಟೋ ನೋಡಿದಳಂತೆ. ಕ್ಲಿನಿಕ್‌ನಲ್ಲಿ ನನ್ನನ್ನು ಕಂಡಿದ್ದಳಲ್ಲ, ಲೆಕ್ಕ ಹಾಕಿಕೊಂಡಿದ್ದಾಳೆ. ಒಬ್ದುಲಿಯಮ್ಮನನ್ನು ಕೇಳಿದರೆ, ಇವಳು ಬರೀ ನನ್ನ ತೊಗಟೆಯಲ್ಲೇ ಗೆದ್ದಳು ಅಂದರಂತೆ. ಅಂದೇ ಅನ್ನುತ್ತಾರೆ. ಅವರಿಗೆ ಹಾಗೆ ನಂಬಿಸಿದ್ದು ನಾನೇ.

ಬಿಲ್ಡಿಂಗ್ ನೋಡಿಕೊಳ್ಳುವವನು ಅಲ್ಲೇ ನೆಲ ಒರೆಸುತ್ತಿದ್ದ. ಅವನೆದುರು ನಾನು ಮಾತ್ರೆಯ ಮಾತೆತ್ತಲಿಲ್ಲ. ಮೇಲೆ ಬಂದು ಬಾಗಿಲು ಹಾಕಿಕೊಂಡೆ. ಥೂ ನನ್ನ ಜನ್ಮಕ್ಕೆ.

ನವೆಂಬರ್ 30

ಅವಳ ಮನೆಗೆ ಹೋದೆ. ನಾನು ಮಾತ್ರೆ ನುಂಗ್ತೀನಿ ಕಣೇ, ದಿನಾ, ತಪ್ಪದೆ, ಅಂದೆ. ನಂಬಲಿಲ್ಲ! ಕ್ಲಿನಿಕ್‌ನವರು ಕಳಿಸಿದರಾ ಅಂತ ಕೇಳಿದಳು. ತಾನೊಬ್ಬಳೇ ವಾಸಿಯಾದರೆ ಸಾಕು ಅಂತ ಇರುವವರೂ ಇರ್ತಾರೆ ಅಂತ ಒಂದು ಚುಚ್ಚುಮಾತು ಬೇರೆ. ಬಾಗಿಲು ಹಾಕಿದಳು. ಒಳಗೆ ಕೆಮ್ಮುವುದು ಕೇಳುತ್ತಿತ್ತು.

ಈ ಹುಡುಗಿ ಸತ್ತರೆ ನನ್ನ ಫೋಟೋ ನೋಡಿ ಸತ್ತ ಹಾಗೆ. ಬಿಡಲ್ಲ.

ಡಿಸೆಂಬರ್ 2

ಒಬ್ದುಲಿಯಮ್ಮನಿಗೆ ಎಲ್ಲ ಹೇಳಿದೆ. ಸ್ಟೂಲಿನ ಮೇಲೆ ಕೂತು ಏಪ್ರನ್ ಒದರಿಕೊಂಡರು. ಇಷ್ಟು ವರ್ಷ ನನ್ನ ಕೌಂಟರ್ ಮುಂದೆ ನಿಂತು ನನ್ನ ಕಣ್ಣಿಗೇ ಮಣ್ಣೆರಚಿದೆಯಾ ಅಂದರು. ನೀವು ಬೈತೀರಿ ಅಂತ ತಾನೇ ಮುಚ್ಚಿಟ್ಟಿದ್ದು, ಅಂದೆ ನಾನೂ. ಇಬ್ಬರಿಗೂ ಜೋರು ದನಿ. ಮೇಣದಬತ್ತಿ ಕೊಳ್ಳಲು ಬಂದವನು ಹಾಗೇ ವಾಪಸ್ ಹೋದ.

ನೀವೇ ಅವಳಿಗೆ ಹೇಳಿ, ನಿಮ್ಮ ಮಾತು ಕೇಳ್ತಾಳೆ ಅಂದೆ. ನನ್ನ ತೊಗಟೆ ದಂಡ ಅಂತ ನಾನೇ ಸಾರಬೇಕಾ ಅಂದರು. ದಂಡ ಅಲ್ಲಮ್ಮ, ಅದು ಕುಡಿಯಲು ಶುರು ಮಾಡಿದ ಮೇಲೇ ನನಗೆ ಊಟ ಸೇರಿದ್ದು, ಮಾತ್ರೆ ಹೊಟ್ಟೆಯಲ್ಲಿ ನಿಂತದ್ದು. ಬಿಡು ಅಂದರೂ ಬಿಡಲ್ಲ ನಾನು, ಅಂದೆ.

ಕೊನೆಗೆ ಅಂದರು: “ನಿನ್ನ ಸುಳ್ಳನ್ನ ನನ್ನ ಬಾಯಿಂದ ತೊಳೀಬೇಡ. ಹದಿನೇಳಕ್ಕೆ ಲಾಜರನ ಹಬ್ಬ. ಇಡೀ ಬೀದಿ ಬರುತ್ತೆ, ಅವಳೂ ಬರ್ತಾಳೆ. ಧೈರ್ಯ ಇದ್ದರೆ ಅವನ ಮುಂದೆ ನೀನೇ ಹೇಳು.”

ಡಿಸೆಂಬರ್ 9

ಇಡೀ ಬೀದಿ ಅಂದರೆ ಸ್ಕೂಲಿನ ಅಡುಗೆಮನೆಯೂ ಬಂತು. ಮಕ್ಕಳ ತಟ್ಟೆಗೆ ಬಡಿಸುವ ಕೈ ಇದು. ಮತ್ತೆರಡು ಸಲ ಯಹಾಯ್ರಾಳ ಬಾಗಿಲು ತಟ್ಟಿದೆ, ತೆಗೆಯಲಿಲ್ಲ. ಗಂಡ ಈ ರೋಗ ಕೊಟ್ಟು ಸತ್ತ, ಅವನ ಮರ್ಯಾದೆ ಕಾಯಲು ಪಿತ್ತಕೋಶದ ಕಾಯಿಲೆಯಿಂದ ಹೋದ ಅಂತ ಹೇಳಿಕೊಂಡು ತಿರುಗಿದೆ. ಸಾಕು. ಯಾರ ಮರ್ಯಾದೆಗೆ ಯಾರ ಜೀವ.

ಡಿಸೆಂಬರ್ 17, ಭಾನುವಾರ

ಹೇಳಿದೆ.

ಅಂಗಡಿ ತುಂಬ ಜನ, ಲಾಜರನ ಬಣ್ಣದ ನೇರಳೆ ಬಟ್ಟೆ, ಹೊಗೆ. ಯಹಾಯ್ರಾ ಶಾಲು ಹೊದ್ದು ಗೋಡೆಗೊರಗಿದ್ದಳು, ನಿಲ್ಲಲು ತ್ರಾಣವಿಲ್ಲ. ಪ್ರಾರ್ಥನೆ ಮುಗಿದದ್ದೇ ಮುಂದೆ ಹೋಗಿ ಫೋಟೋ ಎತ್ತಿ ಹಿಡಿದೆ.

“ಇದು ನಾನು. ನನಗೆ ಎಚ್‌ಐವಿ ಇದೆ. ಈ ತೊಗಟೆ ಕುಡೀತೀನಿ. ಆಸ್ಪತ್ರೆ ಮಾತ್ರೆಯನ್ನೂ ದಿನಾ ನುಂಗ್ತೀನಿ. ಮಾತ್ರೆ ಬಿಟ್ಟಿದ್ದರೆ ಈ ಫೋಟೋ ಗೋರಿ ಮೇಲೆ ಇರ್ತಿತ್ತು.”

ಬ್ಯಾಗಿಂದ ಡಬ್ಬಿ ತೆಗೆದೆ, ಇವತ್ತಿನ ಮಾತ್ರೆ ಕೈಗೆ ಹಾಕಿಕೊಂಡೆ. ನೀರು ತಂದಿಲ್ಲ, ನನ್ನ ತಲೆ! ಆಗ ಒಬ್ದುಲಿಯಮ್ಮ ಜನರನ್ನು ಸರಿಸಿಕೊಂಡು ಬಂದರು, ಕೈಯಲ್ಲಿ ಕಷಾಯದ ಕಪ್ಪು. ಎಲ್ಲರ ಎದುರಿಗೆ ನನ್ನ ಕೈಗೆ ಕೊಟ್ಟರು. ಅದರಲ್ಲೇ ನುಂಗಿದೆ.

ಒಬ್ಬಳು ಮಗುವನ್ನು ನನ್ನ ಹತ್ತಿರದಿಂದ ಎಳೆದುಕೊಂಡಳು. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಯಹಾಯ್ರಾ ಶಾಲು ಎಳೆದುಕೊಂಡು ಹೊರಟುಹೋದಳು.

ಡಿಸೆಂಬರ್ 18

ಸುದ್ದಿ ನನಗಿಂತ ಮುಂಚೆ ಸ್ಕೂಲು ಮುಟ್ಟಿತ್ತು. ನನ್ನ ಸೌಟನ್ನು ಯಾರೋ ಬೇರೆ ಇಟ್ಟಿದ್ದರು. ಮೇಲ್ವಿಚಾರಕಿ ಕರೆದು, ಸ್ವಲ್ಪ ದಿನ ರಜೆ ತಗೊಳ್ಳಿ ಅಂತ ಬೆಣ್ಣೆ ಹಚ್ಚಿ ಹೇಳಿದಳು. ರಜೆ ಬೇಡ, ಸೂಪಿನಿಂದ ಇದು ಅಂಟಲ್ಲ, ತೆಗೆದು ಹಾಕಿದರೆ ಕೋರ್ಟಿಗೆ ಎಳೀತೀನಿ ಅಂದೆ. ಅದೇ ಸೌಟು ತಗೊಂಡು ಬಡಿಸಿದೆ. ಸಂಜೆ ಬಂದರೆ ಮನೆ ಬಾಗಿಲ ಮೇಲೆ ಕಪ್ಪು ಮಾರ್ಕರ್‌ನಲ್ಲಿ ರೋಗದ ಹೆಸರು. ಒರೆಸಲಿಲ್ಲ. ಬರೆದವರೇ ಬಂದು ಒರೆಸಲಿ.

ಯಹಾಯ್ರಾಳದ್ದು ಸದ್ದೇ ಇಲ್ಲ. ಇಷ್ಟೆಲ್ಲ ಮಾಡಿಯೂ ಅವಳು ಕೇಳದಿದ್ದರೆ? ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಆಮೇಲೆ ಪಾತ್ರೆ ತೊಳೆದೆ.

ಡಿಸೆಂಬರ್ 20, ಸಂಜೆ

ಬೆಳಿಗ್ಗೆ ಕ್ಲಿನಿಕ್. ಡಾಕ್ಟರ್ ಹುಡುಗ ಕೇಳುವ ಮೊದಲೇ ತೊಗಟೆ ಚೀಲ ಮೇಜಿನ ಮೇಲಿಟ್ಟೆ. ಅವನ ಮುಖ ನಾನಂದುಕೊಂಡ ಹಾಗೇ ಆಯಿತು. ಮಾತ್ರೆಯ ಜೊತೆ ಇದು ಹೊಂದುತ್ತೋ ಇಲ್ಲವೋ ನೋಡಬೇಕು ಅಂದ. ನೋಡಪ್ಪ, ಕಾರಣ ಹೇಳಿದರೆ ಬಿಡ್ತೀನಿ, ಮುಖ ಸಿಂಡರಿಸಿದರೆ ಬಿಡಲ್ಲ ಅಂದೆ. ಕಿವಿ ಕೆಂಪಾಯಿತು ಪಾಪ. ಹೆಸರು ಬರೆದುಕೊಂಡ, ಚೂರು ಮುರಿದು ಇಟ್ಟುಕೊಂಡ. ಯಹಾಯ್ರಾಳ ವಿಷಯ ಎತ್ತಲಿಲ್ಲ. ಅದು ಅವಳೇ ಹೇಳಬೇಕಾದ್ದು.

ಈಗ ಮೆಟ್ಟಿಲಲ್ಲಿ ಜನ ಓಡಾಡುವ ಹೊತ್ತು. ಬಾಗಿಲು ಬಡಿದ ಸದ್ದು. ತೆಗೆದರೆ ಅವಳು. ಕಂಬಿ ಹಿಡಿದು ನಿಂತಿದ್ದಾಳೆ, ಬಾಗಿಲ ಮೇಲಿನ ಬರಹ ಅವಳ ಮೂಗಿನ ನೇರಕ್ಕೇ ಇದೆ. ಹಿಂದೆ ಎರಡನೇ ಮಹಡಿಯ ಹೆಂಗಸರು ತರಕಾರಿ ಚೀಲ ಹಿಡಿದು ಬಾಯಿ ತೆರೆದು ನೋಡುತ್ತಿದ್ದಾರೆ. ಒಳಗೆ ಎಳೆದುಕೊಂಡು ಬಾಗಿಲು ಹಾಕಲು ಹೋದೆ.

“ಬೇಡ ಅಕ್ಕಾ, ತೆಗೆದೇ ಇರಲಿ,” ಅಂದಳು. ಕುರ್ಚಿ ಮೇಲೆ ಕುಸಿದಳು. ಉಸಿರು ಸಿಕ್ಕ ಮೇಲೆ ಕೇಳಿದಳು: “ವಾಂತಿ ಆಗದ ಹಾಗೆ ಹೇಗೆ ನುಂಗ್ತೀರಿ, ಹೇಳಿಕೊಡಿ.”

ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದಳಂತೆ, ದಡ್ಡಿ. ಮೊದಲು ಗಂಜಿ ಕಣೇ, ಆಮೇಲೆ ಮಿಕ್ಕಿದ್ದು. ಯಾವ ಮಾತ್ರೆ ಅಂತ ಡಾಕ್ಟರೇ ಹೇಳಬೇಕು, ನಾಳೆ ಬೆಳಿಗ್ಗೆ ಇಬ್ಬರೂ ಹೋಗುವುದು. ಬೈದರೆ ನಾನಿದ್ದೇನೆ. ಕೋಳಿ ಹಾಕಿದ ಗಂಜಿ ಬಿಸಿ ಮಾಡಿ ಕೊಟ್ಟಿದ್ದೇನೆ. ಎದುರಿಗೇ ಕೂತು ಬರೆಯುತ್ತಿದ್ದೇನೆ, ನೋಡುತ್ತಾ ಕೂತರೆ ತಿನ್ನಲ್ಲ ಅವಳು. ಒಂದು ಚಮಚ ಇಳಿಯಿತು. ಇನ್ನೊಂದು. ಗಂಟಲು ಉರಿಯುತ್ತೆ ಅಂತ ಅಳುತ್ತಿದ್ದಾಳೆ, ಆದರೂ ಚಮಚ ಕೆಳಗಿಟ್ಟಿಲ್ಲ. ಈಗ ಬಟ್ಟಲನ್ನು ನನ್ನ ಕಡೆ ತಳ್ಳಿ, ಅಕ್ಕಾ, ಇನ್ನೂ ಸ್ವಲ್ಪ ಹಾಕಿ ಅನ್ನುತ್ತಿದ್ದಾಳೆ. ಎದ್ದೆ.