ತಾನೇ ಏರಿದ ಎಣ್ಣೆ

ಪರಾಭವ ನಾಮ ಸಂವತ್ಸರ, ಶ್ರಾವಣದ ಎರಡನೆಯ ಸೋಮವಾರ, ಕ್ರಿಸ್ತಶಕ 2206
ಗಾಡಿಮಾಳ, ಬಾಗಲಕೋಟೆ

ರಾಚಪ್ಪ ಮುತ್ಯಾನಿಗೆ, ನಿನ್ನ ಅಕ್ಕ ಸಾವಂತ್ರವ್ವನ ಮನೆತನದ ಏಳನೆಯ ತಲೆಯ ಹೆಣ್ಣುಮಗಳು ಹಂಪವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅನ್ನಬೇಡ. ನಿನಗೆ ಕಾರು ಮಾರಿದ ಶೋರೂಮಿನವರ ಜೊತೆ ನೀನು ವಾದ ಮಾಡಿದ ಪರಾಭವ ಸಂವತ್ಸರವೇ ಮೂರು ಸುತ್ತು ತಿರುಗಿ ಮತ್ತೆ ಬಂದಿದೆ. ನಮ್ಮ ಕನ್ನಡದಲ್ಲಿ ನಿನಗೆ ಗುರುತಿಲ್ಲದ ಮಾತುಗಳು ಬಹಳ ಸೇರಿವೆ. ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ, ಎಡವಿದರೆ ಹೊಟ್ಟೆಗೆ ಹಾಕಿಕೋ. ಬರೆಯಲು ಕಾರಣ ಒಂದೇ. ನೀನು ನಿನ್ನ ಅಕ್ಕನ ಸಾವಿಗೆ ಕಾರಣನೋ ಅಲ್ಲವೋ ಎಂಬ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ತೀರಿಲ್ಲ. ಅದನ್ನು ತೀರಿಸಲು ಕೂತಿದ್ದೇನೆ.

ಮೊದಲು ನಮ್ಮ ಕಡೆಯ ಸುದ್ದಿ. ಹೋಳಿಹುಣ್ಣಿಮೆಯಿಂದ ಮೊದಲ ಮಳೆಯವರೆಗೆ ನಮ್ಮಲ್ಲಿ ಹಗಲು ಹೊತ್ತು ಯಾರೂ ಹೊರಗೆ ಕಾಲಿಡುವುದಿಲ್ಲ. ಬೆಳಗಿನ ರೊಟ್ಟಿ ಮುಗಿಯುವಷ್ಟರಲ್ಲಿ ಬಿಸಿಲಗಂಟೆ ಬಾರಿಸುತ್ತಾರೆ; ಆಮೇಲೆ ಬೀದಿಯಲ್ಲಿ ಕಂಡವರಿಗೆ ಊರೆಲ್ಲ ಸೇರಿ ಬೈಯುತ್ತದೆ. ಊರಿಂದೂರಿಗೆ ನೆರಳುದಾರಿಗಳಿವೆ. ಎರಡೂ ಬದಿ ಮಣ್ಣಿನ ಗೋಡೆ, ಮೇಲೆ ಚಪ್ಪರ, ನಡುವೆ ಸದ್ದಿಲ್ಲದೆ ಸರಿಯುವ ಎಳೆಬಂಡಿ. ನೆಲ ಅಗೆದು ಕಬ್ಬಿಣ ತೆಗೆಯುವುದು ನಮ್ಮ ಅಜ್ಜಂದಿರ ಕಾಲಕ್ಕೇ ನಿಂತುಹೋಯಿತು. ಬೇಕಾದ ಲೋಹವೆಲ್ಲ ನೀವು ಬಿಟ್ಟುಹೋದ ಗಾಡಿಗಳಿಂದಲೇ ಬರಬೇಕು. ಅವನ್ನು ಒಟ್ಟಿದ ಬಯಲಿಗೆ ಗಾಡಿಮಾಳ ಅನ್ನುತ್ತೇವೆ, ಬಿಚ್ಚುವವರಿಗೆ ಬಿಚ್ಚುಗಾರರು. ನಾನು ಬಿಚ್ಚುಗಾರ್ತಿ. ನಾನು ರೊಟ್ಟಿ ಬೇಯಿಸುವ ಹಂಚು ಯಾರದೋ ಕಾರಿನ ಬಾಗಿಲು, ನನ್ನ ಮಗಳ ತೊಟ್ಟಿಲ ಸರಪಳಿ ಯಾರದೋ ಎಂಜಿನ್ನಿನದು. ಡೀಸೆಲ್ ಎಂಜಿನ್ನಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂಬುದು ನಿನಗಿಂತ, ನಿನಗೆ ಮಾರಿದವರಿಗಿಂತ ನನಗೆ ಚೆನ್ನಾಗಿ ಗೊತ್ತು. ಜಂಬಕ್ಕೆ ಹೇಳುತ್ತಿಲ್ಲ, ಅದು ನನ್ನ ಹೊಟ್ಟೆಪಾಡು.

ನಮ್ಮ ಮನೆಯಲ್ಲಿ ಮಕ್ಕಳು ಸುಳ್ಳು ಹೇಳಿದರೆ ‘ರಾಚಪ್ಪನ ಎಣ್ಣಿ ಏರಸಬ್ಯಾಡ’ ಅನ್ನುತ್ತಾರೆ. ನಾನೂ ಅನ್ನಿಸಿಕೊಂಡು ಬೆಳೆದವಳೇ. ಕತೆ ನಮಗೆ ಬಂದದ್ದು ಹೀಗೆ: ಉಗಾದಿಗೆ ಶ್ರೀಶೈಲ ಮುಟ್ಟಲು ಬರಿಗಾಲಲ್ಲಿ ಹೊರಟ ಊರಿನವರ ಹಿಂದೆ ರಾಚಪ್ಪ ತನ್ನ ಹೊಸ ಡೀಸೆಲ್ ಕಾರು ತಂದ. ಎಂಜಿನ್ನಿನ ಎಣ್ಣೆ ತಾನಾಗಿ ಏರುತ್ತಿದೆ, ಇದು ಮಲ್ಲಯ್ಯನ ಪವಾಡ ಎಂದು ಎಲ್ಲರಿಗೂ ತೋರಿಸಿದ. ಜನ ಕೈಮುಗಿದರು. ಅಡವಿಯ ದಾರಿಯಲ್ಲಿ ಸಾವಂತ್ರವ್ವನಿಗೆ ಎದೆನೋವು ಬಂತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೊರಟ. ಏರು ಹತ್ತುವಾಗ ಎಂಜಿನ್ ಕಟಕಟ ಅಂದು ನಿಂತೇಬಿಟ್ಟಿತು. ಇನ್ನೊಂದು ಗಾಡಿ ಬರುವಷ್ಟರಲ್ಲಿ ಅವಳ ಜೀವ ಹೋಗಿತ್ತು. ಆಮೇಲೆ ಗಾಡಿ ಪರೀಕ್ಷೆ ಮಾಡಿದ ಶೋರೂಮಿನವರು, ಎಣ್ಣೆ ಗುರುತು ಮೀರಿ ತುಂಬಿದೆ, ಹೊರಗಿನವರು ಯಾರೋ ಸುರಿದಿದ್ದಾರೆ, ಎಂಜಿನ್ ಹೋದದ್ದು ಅದಕ್ಕೇ ಅಂದರು. ಸಾವಂತ್ರವ್ವನ ಮಗ ಗೂಳಪ್ಪನಿಗೆ ಅಷ್ಟು ಸಾಕಾಯಿತು. ಮಾವ ಪವಾಡ ತೋರಿಸಲು ಕದ್ದು ಎಣ್ಣೆ ಸುರಿದ, ನಮ್ಮವ್ವನ ಜೀವ ತೆಗೆದ ಅಂದ. ನಾವೆಲ್ಲ ಗೂಳಪ್ಪನ ಸಂತಾನ. ಅವನು ನಂಬಿದ್ದನ್ನೇ ನಂಬಿದೆವು.

ಹೋದ ತಿಂಗಳು ದನಿಕಣಜಕ್ಕೆ ಹೋಗಿದ್ದೆ. ‘ಗುಣಮಟ್ಟಕ್ಕಾಗಿ ಈ ಕರೆಯನ್ನು ದಾಖಲಿಸಲಾಗುತ್ತಿದೆ’ ಎಂದು ನಿಮ್ಮ ಕಾಲದ ಕಂಪನಿಗಳು ಹಿಡಿದಿಟ್ಟ ಫೋನಿನ ಮಾತುಗಳನ್ನೆಲ್ಲ ಕೂಡಿಟ್ಟ ಜಾಗ ಅದು. ವಂಶದವರು ಹೋಗಿ ಕೇಳಬಹುದು. ಸುಳ್ಳುಗಾರ ಮುತ್ಯಾನ ದನಿ ಹೇಗಿದ್ದೀತು ಎಂಬ ಕುಚೋದ್ಯಕ್ಕೆ ಹೋದವಳು ನಾನು. ಅಯ್ಯ ಶಿವನೇ, ನಿನ್ನ ದನಿ ಎಷ್ಟು ಮೆತ್ತಗಿದೆ ಮುತ್ಯಾ! ಜಗಳಕ್ಕೆ ಫೋನ್ ಹಚ್ಚಿದವನು ಮೊದಲು ಶೋರೂಮಿನಲ್ಲಿ ಫೋನ್ ಎತ್ತಿದ ಹುಡುಗನಿಗೆ ಊಟ ಆಯಿತೇನು ಎಂದು ಕೇಳುತ್ತಿ. ಅವನು ಸರ್ ಸರ್ ಎನ್ನುತ್ತ ಊಟದ ಸುದ್ದಿ ಬಿಟ್ಟು ಗಾಡಿಯ ನಂಬರ್ ಕೇಳುತ್ತಾನೆ.

ಮತ್ತೆ ಮತ್ತೆ ಫೋನ್ ಮಾಡಿ ಅದನ್ನೇ ಹೇಳಿದಿ. ‘ತಗೊಳ್ಳುಮುಂದನ ಹೇಳಿದ್ನೆಪಾ, ವರ್ಷಾ ವರ್ಷಾ ಶ್ರೀಶೈಲಕ್ಕ ನಡಿಯೋರ ಹಿಂದ ಆಮಿ ಹಂಗ ಹೋಗೂ ಗಾಡಿ ಬೇಕಂತ. ಆನಿ ಇದ್ದಂಗ ಐತಿ ಒಯ್ರಿ ಅಂದ್ರಿ.’ ನೀರಿನ ಕೊಡ, ಹಾಸಿಗೆ, ಕಾಲಿಗೆ ಬೊಬ್ಬೆ ಬಂದವರು ಎಲ್ಲ ನಿನ್ನ ಗಾಡಿಯಲ್ಲೇ. ಆಗಾಗ ಅದು ಗೊರ್ರೆಂದು ಬಿಸಿಗಾಳಿ ಬಿಡುತ್ತಿತ್ತಂತೆ. ಬರಿಗಾಲಲ್ಲಿ ಪಕ್ಕಕ್ಕೇ ನಡೆಯುವವರಿಗೆ ಝಳ ಬಡಿಯುತ್ತಿತ್ತು. ‘ಆರಸೋ ತಮ್ಮಾ, ಮೊದಲ ನೆಲಾ ಕಾದೈತಿ, ಮಂದಿ ಕಾಲ ಸುಡತಾವು’ ಅಂತ ಅಕ್ಕ ಅನ್ನುತ್ತಿದ್ದಳು. ನೀನು ಆರಿಸುತ್ತಿದ್ದಿ. ತಣ್ಣಗಾದ ಮೇಲೆ ಮತ್ತೆ ಚಾಲೂ ಮಾಡುತ್ತಿದ್ದಿ. ಸ್ವಲ್ಪ ದೂರಕ್ಕೆ ಮತ್ತೆ ಝಳ, ಮತ್ತೆ ಆರಿಸುವುದು. ಟ್ರ್ಯಾಕ್ಟರ್ ಹೊಡೆದವನಲ್ಲವೇ ನೀನು, ದಿನಾ ಬೆಳಿಗ್ಗೆ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡದೆ ಗಾಡಿ ಏರುತ್ತಿರಲಿಲ್ಲ. ಇಳಿಯಬೇಕಾದ ಎಣ್ಣೆ ಏರುತ್ತಿತ್ತು. ‘ಬಾವಿ ನೀರ ಏರಿದಂಗ ಏರಾಕತ್ತಿತ್ತಪಾ.’ ಬೇರೆ ಯಾರೇ ಆಗಿದ್ದರೂ ಹೆದರಿ ಗಾಡಿ ತಿರುಗಿಸುತ್ತಿದ್ದರು. ನೀವು ಮಲ್ಲಯ್ಯನ ಕಡೆ ಮುಖ ಮಾಡಿ ನಡೆದವರು. ನೀನು ಆ ಕಡ್ಡಿಗೆ ವಿಭೂತಿ ಹಚ್ಚಿದಿ. ಅಕ್ಕ ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದು, ಮಲ್ಲಯ್ಯ ನಮ್ಮ ಕೂಡ ನಡೆಯುತ್ತಿದ್ದಾನೆ ಅಂದಳು.

ಇದನ್ನೆಲ್ಲ ಕೇಳಿ ಆ ಹುಡುಗ ಅಂದದ್ದು ಇಷ್ಟೇ: ‘ಸರ್, ಆಯಿಲ್ ತಾನಾಗೇ ಏರಲ್ಲ ಸರ್. ಯಾರೋ ಹಾಕಿರಲೇಬೇಕು.’ ಪ್ರತಿ ಕರೆಯಲ್ಲೂ ಅದೇ ಮಾತು. ಕಡೆಯ ಕರೆಯಲ್ಲಿ ನೀನು ವಾದ ಬಿಟ್ಟುಕೊಟ್ಟಿದ್ದಿ. ‘ನಿಮ್ಮ ರೊಕ್ಕ ಬ್ಯಾಡ. ಎಂಜಿನ್ನ ನೀವ ಇಟ್ಕೋರಿ. ನಮ್ಮಕ್ಕನ ಮಗಗ ಒಂದ ಮಾತ ಹೇಳ್ರೆಪಾ, ಎಣ್ಣಿ ನಾ ಹಾಕಿಲ್ಲಂತ. ನನ್ನ ಮಾತ ಅಂವ ಕೇಳವಲ್ಲ, ನಿಮ್ಮದ ಕೇಳತಾನ.’ ಆ ಹುಡುಗ, ನಿಮ್ಮ ದೂರು ದಾಖಲಾಗಿದೆ ಸರ್, ಇನ್ನೇನಾದರೂ ಸಹಾಯ ಬೇಕಾ ಸರ್ ಅಂದ. ಕರೆ ಹೇಗಿತ್ತು, ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಯಂತ್ರದ ದನಿ ಕೇಳಿತು. ನೀನು ಐದು ಒತ್ತಿದಿ ಮುತ್ಯಾ! ಆ ಹುಡುಗನ ನೌಕರಿಗೆ ತ್ರಾಸು ಆಗಬಾರದು ಅಂತ ಇರಬೇಕು. ನಾನು ಅಲ್ಲಿಯೇ ಕೂತು ಅತ್ತೆ. ಇಂಥವನನ್ನು ಸುಳ್ಳುಗಾರ ಅಂದೆವಲ್ಲ, ನಮ್ಮ ಬಾಯಿಗೆ ಮಣ್ಣು ಬೀಳಲಿ.

ಈಗ ನಾನು ಹೇಳುವುದನ್ನು ಸಮಾಧಾನದಿಂದ ಕೇಳು. ನಿನ್ನ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಳಿಗೆ ಇತ್ತು. ಗಾಡಿ ಜೋರಾಗಿ ಓಡಿದರೆ ಆ ಮಸಿ ತಾನೇ ಉರಿದುಹೋಗುತ್ತದೆ. ಮನುಷ್ಯರ ನಡಿಗೆಗೆ ಹೊಂದಿಸಿ ಓಡಿಸಿದರೆ ಉರಿಯುವುದಿಲ್ಲ, ಕಟ್ಟಿಕೊಳ್ಳುತ್ತದೆ. ಆಗ ಎಂಜಿನ್ ಹೆಚ್ಚಿಗೆ ಡೀಸೆಲ್ ಬಿಟ್ಟು, ಜಾಳಿಗೆಯನ್ನು ಕಾಯಿಸಿ, ಮಸಿ ಸುಡಲು ಹೊರಡುತ್ತದೆ. ನಿಮಗೆ ಬಡಿದ ಝಳ ಅದೇ. ಸುಡುವುದು ಮುಗಿಯುವ ಮೊದಲೇ ಆರಿಸುತ್ತ ಹೋದರೆ ಪ್ರತಿ ಸಲವೂ ಹೊಸದಾಗಿ ಶುರುವಾಗಬೇಕು, ಪ್ರತಿ ಸಲವೂ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಕೆಳಗಿನ ಎಣ್ಣೆಗೆ ಸೇರುತ್ತದೆ. ಹೀಗೆ ಎಣ್ಣೆ ಏರುತ್ತದೆ, ನೀರು ಹೊಯ್ದ ಮಜ್ಜಿಗೆಯಂತೆ ತೆಳ್ಳಗಾಗುತ್ತದೆ. ತೆಳ್ಳಗಾದ ಎಣ್ಣೆ ಲೋಹವನ್ನು ಕಾಯುವುದಿಲ್ಲ. ಏರಿನಲ್ಲಿ ಭಾರ ಬಿದ್ದಾಗ ಒಳಗಿನ ಬೇರಿಂಗುಗಳು ಕಚ್ಚಿಕೊಂಡವು. ಹೀಗೆ ಸತ್ತ ಎಂಜಿನ್ನುಗಳನ್ನು ನಾನು ಬೇಕಾದಷ್ಟು ಬಿಚ್ಚಿದ್ದೇನೆ. ಆ ಎಣ್ಣೆಯನ್ನು ಒಮ್ಮೆ ಮೂಸಿದ್ದರೆ ಸಾಕಿತ್ತು, ಡೀಸೆಲ್ ನಾತ ಮೂಗಿಗೆ ಹೊಡೆಯುತ್ತಿತ್ತು. ಶೋರೂಮಿನಲ್ಲಿ ಒಬ್ಬರೂ ಮೂಸಲಿಲ್ಲ. ಗುರುತು ಮೀರಿದ್ದನ್ನು ನೋಡಿದರು, ತೀರ್ಪು ಕೊಟ್ಟರು. ಗೊತ್ತಿದ್ದೂ ಮುಚ್ಚಿದರೋ, ಗೊತ್ತೇ ಇರಲಿಲ್ಲವೋ, ನನಗೆ ತಿಳಿಯದು. ಎರಡರಲ್ಲಿ ಯಾವುದೇ ಆಗಿರಲಿ, ನನಗೆ ಮೈ ಉರಿಯುತ್ತದೆ.

ಎಣ್ಣೆ ನೀನು ಹಾಕಲಿಲ್ಲ. ಅದು ತಾನೇ ಏರಿತು, ನೀನು ಹೇಳಿದ ಹಾಗೇ. ಆದರೆ ನಿನ್ನ ಮುಂದೆ ಅರ್ಧ ಸತ್ಯ ಹೇಳಲಾರೆ. ಅದು ಮಲ್ಲಯ್ಯನ ಪವಾಡವೂ ಆಗಿರಲಿಲ್ಲ. ನಿನಗೆ ಉಳಿದಿದ್ದ ಅದೊಂದನ್ನೂ ನಾನೇ ಕಿತ್ತುಕೊಳ್ಳಬೇಕಾಯಿತಲ್ಲ ಎಂದು ಸಂಕಟವಾಗುತ್ತದೆ. ಮಂದಿಯ ಕಾಲು ಸುಡಬಾರದೆಂದು ಅಕ್ಕ ಆರಿಸು ಅಂದಳು, ತಮ್ಮ ಆರಿಸಿದ. ನಿಮ್ಮಿಬ್ಬರ ಕರುಣೆಯೇ ಹನಿಹನಿಯಾಗಿ ಎಂಜಿನ್ನಿಗೆ ಇಳಿಯಿತು. ಇದರಲ್ಲಿ ತಪ್ಪು ಯಾರದು ಎಂದು ನನ್ನನ್ನು ಕೇಳಿದರೆ, ಆಮೆಯ ಹಾಗೆ ಹೋಗುವ ಗಾಡಿ ಬೇಕು ಅಂದವನಿಗೆ ಇದು ಬೇಡ ಎಂದು ಹೇಳದೆ ಮಾರಿದವರದು. ಗೂಳಪ್ಪನ ಮೇಲೆ ಸಿಟ್ಟಾಗಬೇಡ. ತಾಯಿ ಸತ್ತವನಿಗೆ ಯಾರನ್ನಾದರೂ ಬೈಯಬೇಕಿತ್ತು, ನೀನು ಕೈಗೆ ಸಿಕ್ಕಿದಿ.

ಈ ಮಾತನ್ನು ನಿನ್ನ ವಂಶದವರ ಮುಂದೆ ಹೇಳಿ ಕಾಲು ಹಿಡಿಯೋಣ ಎಂದು ಊರೂರು ಹುಡುಕಿದೆ. ಯಾರೂ ಸಿಗಲಿಲ್ಲ ಮುತ್ಯಾ. ಅದಕ್ಕೇ ಸತ್ತವನಿಗೆ ಕಾಗದ ಬರೆಯುತ್ತಿದ್ದೇನೆ. ದನಿಕಣಜದಲ್ಲಿ ನಿನ್ನ ದನಿಯ ಪಕ್ಕದಲ್ಲೇ ಇದನ್ನು ಇಡಿಸುತ್ತೇನೆ. ಮುಂದೆ ಕೇಳಲು ಬರುವವರು ಇದನ್ನೂ ಓದಿಯೇ ಹೋಗಲಿ.

ಒಂದು ಬೇಡಿಕೆ ಉಳಿದಿದೆ. ಬರುವ ಸೋಮವಾರ ನನ್ನ ಮಗಳ ಜಾವಳ. ಕೂಸಿನ ಮೊದಲ ಕೂದಲು ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂರಬೇಕು ಎಂಬುದು ನಿನಗೆ ಗೊತ್ತೇ ಇದೆ. ಗೂಳಪ್ಪನಿಗೆ ತೊಡೆ ಕೊಟ್ಟವನು ನೀನೇ. ಶೋರೂಮಿನವರ ಮಾತು ಕೇಳಿ ಬಂದ ದಿನ ಅವನು, ಸೋದರಮಾವನ ತೊಡೆ ಈ ಮನೆಗೆ ಬೇಡ ಅಂದುಬಿಟ್ಟ. ಅಂದಿನಿಂದ ನಮ್ಮ ಕೂಸುಗಳು ಜೋಳದ ಚೀಲದ ಮೇಲೆ ಕೂತೇ ಕೂದಲು ತೆಗೆಸಿಕೊಂಡಿವೆ, ನಾನೂ ಹಾಗೇ. ಈ ಸಲ ಚೀಲ ಹೊರಗಿಡಿ ಅಂದಿದ್ದೇನೆ. ನನ್ನ ತಮ್ಮ ಕೂರುತ್ತಾನೆ. ಆದರೆ ಕೂಸನ್ನು ಹೇಗೆ ಹಿಡಿಯಬೇಕು ಎಂಬುದು ಅವನಿಗೆ ಗೊತ್ತಿಲ್ಲ. ನಮ್ಮ ಮನೆಯ ಗಂಡಸರಿಗೆ ಯಾರೂ ಕಲಿಸಲೇ ಇಲ್ಲ. ನೀನು ಬಾ ಮುತ್ಯಾ. ಅವನ ಬೆನ್ನ ಹಿಂದೆ ಕೂತು, ಕತ್ತರಿ ತಾಗದ ಹಾಗೆ ಕೂಸಿನ ತಲೆ ಹಿಡಿದುಕೋ.